ಓದುಗರ ಪ್ರಶ್ನೆ: ಮನೆಯಲ್ಲೇ ಮಾಡಿದ ಸರ್ಕ್ಯೂಟ್ ಬೋರ್ಡಿಗೆ ಎಂಥ ಕೋಟಿಂಗ್?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಮಂಡ್ಯ, ಮೈಸೂರು ಕಡೆಯವು. ಎಲ್ಲವೂ ಸುತ್ತಿ ಬಳಸಿ ಒಂದೇ ವಿಷಯಕ್ಕೆ ಬರುತ್ತವೆ: ಮನೆಯಲ್ಲೇ ಎಚ್ ಮಾಡಿದ (ಬೇಡದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ) ಬೋರ್ಡು ತೇವಕ್ಕೆ ಕೆಡುತ್ತದೆ, ಏನು ಹಚ್ಚಬೇಕು? ಆದ್ದರಿಂದ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಪಂಪ್‌ಸೆಟ್ಟನ್ನು ಮೊಬೈಲ್‌ನಿಂದ ಆನ್-ಆಫ್ ಮಾಡುವ ಬೋರ್ಡನ್ನು ನಾವೇ ಎಚ್ ಮಾಡಿ, ನಾಲೆ ಪಕ್ಕದ ಮೋಟಾರ್ ಮನೆಯಲ್ಲಿ ಕೂರಿಸಿದ್ದೇವೆ. ಅಕ್ರಿಲಿಕ್ ಸ್ಪ್ರೇ ಎರಡು ಸಲ ಹೊಡೆದಿತ್ತು. ಆದರೂ ಒಂದು ಮಳೆಗಾಲ ಮುಗಿಯುವುದರೊಳಗೆ ಟ್ರ್ಯಾಕ್‌ಗಳು (ಬೋರ್ಡಿನ ತಾಮ್ರದ ಗೆರೆಗಳು) ಹಸಿರಾಗಿವೆ, ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ತಾನಾಗಿ ಆನ್ ಆಗುತ್ತಿದೆ. ಸ್ಪ್ರೇ ನಕಲಿ ಇರಬಹುದೇ?
– ರೈತರೊಬ್ಬರು, ಮಳವಳ್ಳಿ

ಉತ್ತರ: ಸ್ಪ್ರೇಯನ್ನು ದೂರುವ ಮುಂಚೆ ಒಂದು ಪರೀಕ್ಷೆ ಮಾಡಿ. ಹಸಿರಾದ ಜಾಗವನ್ನು ಉಗುರಿನಿಂದ ಕೆರೆಯಿರಿ. ಹಸಿರು ಕೈಗೆ ಬಂದರೆ ಅಲ್ಲಿ ಕೋಟಿಂಗ್ ಬಿದ್ದೇ ಇಲ್ಲ. ಮೇಲೆ ಪಾರದರ್ಶಕ ಪೊರೆ ಹಾಗೇ ಇದ್ದು ಹಸಿರು ಅದರ ಅಡಿಯಲ್ಲಿದ್ದರೆ, ಕಿಲುಬು ಹಿಡಿಸುವ ವಸ್ತುವನ್ನು ಕೋಟಿಂಗ್‌ಗಿಂತ ಮೊದಲೇ ಬೋರ್ಡಿನ ಮೇಲೆ ಬಿಟ್ಟು, ಅದರ ಮೇಲೆ ಮುಚ್ಚಳ ಹಾಕಿದ್ದೀರಿ ಎಂದರ್ಥ. ನಿಮ್ಮ ವಿವರಣೆ ನೋಡಿದರೆ ಎರಡನೆಯದೇ ಹೆಚ್ಚು ಸಂಭವ.

ಆ ವಸ್ತು ಎಚ್ ಮಾಡಲು ಬಳಸುವ ಫೆರಿಕ್ ಕ್ಲೋರೈಡ್. ಎಚ್ ಮಾಡಿದ ಮೇಲೆ ನಲ್ಲಿ ಕೆಳಗೆ ಹಿಡಿದು ಒರೆಸಿಬಿಟ್ಟರೆ ಅದು ಹೋಗುವುದಿಲ್ಲ. ಬೋರ್ಡಿನ ಕತ್ತರಿಸಿದ ಅಂಚಿನಲ್ಲಿ, ಟ್ರ್ಯಾಕ್‌ನ ಬದಿಯಲ್ಲಿ ಉಳಿಯುತ್ತದೆ. ಕಂದು ಬಣ್ಣದ ಪೇಪರ್ ಫೀನಾಲಿಕ್ ಬೋರ್ಡಾದರೆ ಅಂಚು ಅದನ್ನು ಹೀರಿಕೊಂಡೇ ಇರುತ್ತದೆ. ಕ್ಲೋರೈಡ್‌ನ ತೊಂದರೆ ಏನೆಂದರೆ, ತಾಮ್ರವನ್ನು ತಿನ್ನುವಾಗ ಅದು ಖರ್ಚಾಗಿ ಮುಗಿಯುವುದಿಲ್ಲ. ತೇವ ಸಿಗುತ್ತಿರುವಷ್ಟು ಕಾಲ ಕೆಲಸ ಮುಂದುವರಿಸುತ್ತದೆ. ತೇವ ಎಲ್ಲಿಂದ ಬಂತು ಎಂದು ಕೇಳಬಹುದು. ಅಕ್ರಿಲಿಕ್ ಆಗಲಿ, ಸಿಲಿಕೋನ್ ಆಗಲಿ, ನೀರಿನ ಹನಿಯನ್ನು ತಡೆಯುತ್ತವೆ, ನೀರಿನ ಆವಿಯನ್ನು ಪೂರ್ತಿ ತಡೆಯುವುದಿಲ್ಲ. ನಿಧಾನವಾಗಿ ಒಳಗೆ ಹೋದ ಆವಿ ಈ ಕ್ಲೋರೈಡ್ ಉಪ್ಪು ಉಳಿದಿರುವ ಕಡೆ ಸೇರಿಕೊಂಡು ಪೊರೆಯನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ಕೊಳೆಯಿಲ್ಲದ ಕಡೆ ಪೊರೆ ತಾಮ್ರಕ್ಕೆ ಬಿಗಿಯಾಗಿ ಕಚ್ಚಿಕೊಂಡಿರುವುದರಿಂದ ಆವಿಗೆ ಸೇರಿಕೊಳ್ಳಲು ಜಾಗವೇ ಇರುವುದಿಲ್ಲ.

ರಿಲೇ ತಾನಾಗಿ ಆನ್ ಆಗುವುದರ ಲೆಕ್ಕ ನೋಡಿ. 12 ವೋಲ್ಟ್ ರಿಲೇಯ ಕಾಯಿಲ್ 400 ಓಮ್ ಇದ್ದರೆ ಅದಕ್ಕೆ 30 ಮಿಲಿಆಂಪ್ ಬೇಕು. ರಿಲೇ ನಡೆಸುವ ಟ್ರಾನ್ಸಿಸ್ಟರ್‌ನ ಗೇನ್ (ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು) 200 ಎಂದುಕೊಂಡರೆ ಅದರ ಬೇಸ್ ಎಂಬ ಕಾಲಿಗೆ 150 ಮೈಕ್ರೋಆಂಪ್ ಸಾಕು. ಅಂದರೆ 12 ವೋಲ್ಟ್ ಟ್ರ್ಯಾಕ್‌ಗೂ ಬೇಸ್‌ಗೂ ನಡುವೆ ಕಿಲುಬು ಸೇರಿಕೊಂಡು ಸುಮಾರು 75 ಕಿಲೋ ಓಮ್‌ನಷ್ಟು ದಾರಿ ಮಾಡಿದರೆ ರಿಲೇ ಪೂರ್ತಿ ಎಳೆಯುತ್ತದೆ. ತೇವ ಹಿಡಿದ ಕೊಳಕು ಬೋರ್ಡಿಗೆ ಇದು ಏನೇನೂ ಕಷ್ಟವಲ್ಲ. ಬೇಸ್ ಮತ್ತು ಎಮಿಟರ್ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿದರೆ ಅದೇ 150 ಮೈಕ್ರೋಆಂಪ್ ಹೀರಿಕೊಳ್ಳುತ್ತದೆ. ಸೋರಿಕೆ ದುಪ್ಪಟ್ಟಾದರೆ ಮಾತ್ರ ರಿಲೇ ಎಳೆದೀತು. ಕೆಲವೇ ಪೈಸೆಯ ಈ ರೆಸಿಸ್ಟರ್ ಎಷ್ಟೋ ಸಲ ಕೋಟಿಂಗ್‌ಗಿಂತ ಹೆಚ್ಚು ಉಪಕಾರ ಮಾಡುತ್ತದೆ. ಮೋಟಾರ್ ತಾನಾಗಿ ಆನ್ ಆಗುವುದು ಬೋರ್ಡ್ ಕೆಡುವುದಕ್ಕಿಂತ ದೊಡ್ಡ ಅಪಾಯ. ಸರಿಪಡಿಸುವ ತನಕ ಆ ಬೋರ್ಡನ್ನು ಬಿಚ್ಚಿ ಸ್ಟಾರ್ಟರನ್ನು ಕೈಯಲ್ಲೇ ಆನ್ ಮಾಡಿ.

ಹೊಸ ಬೋರ್ಡ್ ಮಾಡುವಾಗ ತೊಳೆಯುವ ಕ್ರಮ ಹೀಗಿರಲಿ. ಎಚ್ ಆದ ಕೂಡಲೇ ಹರಿಯುವ ನೀರಿನಲ್ಲಿ ಎರಡು ಮೂರು ನಿಮಿಷ, ಅಂಚುಗಳನ್ನೂ ಸೇರಿಸಿ ಬ್ರಷ್‌ನಿಂದ ಉಜ್ಜಿ. ಒಂದು ಲೀಟರ್ ನೀರಿಗೆ 10–15 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಐದು ನಿಮಿಷ ಅದರಲ್ಲಿಡಿ, ಮತ್ತೆ ನೀರಲ್ಲಿ ತೊಳೆಯಿರಿ. ಟ್ರ್ಯಾಕ್‌ಗಳ ಮೇಲೆ ಉಳಿದ ಟೋನರನ್ನು (ಲೇಸರ್ ಪ್ರಿಂಟರಿನ ಕಪ್ಪು ಪುಡಿ) ಅಸಿಟೋನ್ ಅಥವಾ ಥಿನ್ನರ್‌ನಲ್ಲಿ ತೆಗೆದು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್‌ನಿಂದ ತಾಮ್ರ ಗುಲಾಬಿ ಬಣ್ಣಕ್ಕೆ ಬರುವ ತನಕ ತಿಕ್ಕಿ. ಕೊನೆಯ ನೀರು ಬೋರ್‌ವೆಲ್‌ನದ್ದು ಬೇಡ. ನಮ್ಮ ಕಡೆಯ ಗಡಸು ನೀರು ಒಣಗಿದರೆ ಅದರ ಉಪ್ಪೇ ಬೋರ್ಡಿನ ಮೇಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ 50 ಮಿ.ಲೀ. ಸಾಕು. ಬಳಸಿ ಮುಗಿದ ಫೆರಿಕ್ ಕ್ಲೋರೈಡನ್ನು ನಾಲೆಗೋ ಚರಂಡಿಗೋ ಸುರಿಯಬೇಡಿ. ಅದರಲ್ಲಿ ಕರಗಿರುವ ತಾಮ್ರ ಮೀನಿಗೆ ವಿಷ.

ಬೆಸುಗೆ ಮುಗಿದ ಮೇಲೆ ಎರಡನೆಯ ತೊಳೆತ. ಇದಕ್ಕೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಕೈಗೆ ಹಾಕುವ ಸ್ಯಾನಿಟೈಸರ್ ಬೇಡ. ಅದರಲ್ಲಿ ನೀರಿದೆ, ಸಾಮಾನ್ಯವಾಗಿ ಗ್ಲಿಸರಿನ್ ಕೂಡ ಇರುತ್ತದೆ. ಎರಡು ತಟ್ಟೆ ಇಟ್ಟುಕೊಳ್ಳಿ. ಮೊದಲನೆಯದರಲ್ಲಿ ಹಲ್ಲುಜ್ಜುವ ಬ್ರಷ್‌ನಿಂದ ಫ್ಲಕ್ಸ್ (ಬೆಸುಗೆ ಹಿಡಿಯಲು ಬಳಸುವ ಅಂಟು) ಬಿಡಿಸಿ, ಆರಲು ಬಿಡದೆ ಎರಡನೆಯದರ ಶುದ್ಧ ದ್ರವದಲ್ಲಿ ಜಾಲಿಸಿ. ನಡುವೆ ಆರಿದರೆ ಬಿಳಿ ಪುಡಿಯಂಥ ಕಲೆ ಉಳಿಯುತ್ತದೆ: ಫ್ಲಕ್ಸ್ ಹೋಗಿಲ್ಲ, ಬರೀ ಹರಡಿಕೊಂಡಿದೆ ಎಂಬುದರ ಗುರುತು ಅದು. ಆಮೇಲೆ 50–60 ಡಿಗ್ರಿ ಶಾಖದಲ್ಲಿ ಒಂದೆರಡು ಗಂಟೆ ಒಣಗಿಸಿ. ಆಲ್ಕೊಹಾಲ್ ಪೂರ್ತಿ ಹಾರಿಹೋದ ಮೇಲೆಯೇ ಶಾಖದ ಹತ್ತಿರ ತನ್ನಿ. ಅದರ ಆವಿಗೆ ಬೆಂಕಿ ಹತ್ತುತ್ತದೆ. ಇಲ್ಲಿಂದ ಮುಂದೆ ಬೋರ್ಡನ್ನು ಅಂಚಿನಲ್ಲಷ್ಟೇ ಹಿಡಿಯಿರಿ, ಬೆರಳಿನ ಬೆವರಲ್ಲೂ ಉಪ್ಪಿದೆ.

ಈಗ ಸ್ಪ್ರೇ. ಸ್ಕ್ರೂ ಟರ್ಮಿನಲ್, ಸಿಮ್ ಸಾಕೆಟ್, ಫ್ಯೂಸ್ ಹೋಲ್ಡರ್, ಸ್ವಿಚ್, ಪ್ರೀಸೆಟ್, ಬಜರ್‌ನ ತೂತು, ಆಂಟೆನಾ, ಸೀಲ್ ಇಲ್ಲದ ರಿಲೇ – ಇವಕ್ಕೆಲ್ಲ ಮಾಸ್ಕಿಂಗ್ ಟೇಪ್ ಸುತ್ತಿ. ಬೋರ್ಡನ್ನು ಮಟ್ಟವಾಗಿ ಮಲಗಿಸಿ, 20–25 ಸೆಂ.ಮೀ. ದೂರದಿಂದ ತೆಳ್ಳಗೆ ಒಂದು ಕೈ ಹೊಡೆಯಿರಿ. ಹತ್ತು ಹದಿನೈದು ನಿಮಿಷ ಬಿಟ್ಟು ಬೋರ್ಡನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ಕೈ. ಹೀಗೆ ಮೂರು ಕೈ ಆದರೆ ಬಿಡಿಭಾಗಗಳ ನೆರಳಿನಲ್ಲಿ ಜಾಗ ತಪ್ಪುವುದಿಲ್ಲ. ಟೇಪನ್ನು ಕೋಟಿಂಗ್ ಇನ್ನೂ ಸ್ವಲ್ಪ ಅಂಟಂಟಾಗಿರುವಾಗಲೇ ತೆಗೆಯಬೇಕು. ಗಟ್ಟಿಯಾದ ಮೇಲೆ ಎಳೆದರೆ ಅಂಚಿನ ಪೊರೆಯೂ ಕಿತ್ತುಬರುತ್ತದೆ. ಐಸಿ ಕಾಲುಗಳ ಚೂಪು ತುದಿಯಲ್ಲಿ ದ್ರವ ನಿಲ್ಲದೆ ಜಾರಿಬಿಡುತ್ತದೆ, ಅಲ್ಲಿಗೆ ಸಣ್ಣ ಬ್ರಷ್‌ನಿಂದ ಮತ್ತೊಮ್ಮೆ ಮುಟ್ಟಿಸಿ. ಬೋರ್ಡಿನ ಅಂಚು ಮರೆಯಬೇಡಿ. 24 ಗಂಟೆ ಕರೆಂಟ್ ಕೊಡಬೇಡಿ.

ಜಡಿಮಳೆಯ ದಿನ ಹೊಡೆದರೆ ಪೊರೆ ಹಾಲಿನಂತೆ ಬೆಳ್ಳಗಾಗುತ್ತದೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುವುದೇ ಕಾರಣ. ಬೋರ್ಡನ್ನು ಮೊದಲೇ ಕೈಗೆ ಬೆಚ್ಚಗೆನಿಸುವಷ್ಟು ಕಾಯಿಸಿಕೊಂಡರೆ ಇದು ತಪ್ಪುತ್ತದೆ.

ಎಷ್ಟು ದಪ್ಪ ಬೇಕು? ಎಲೆಕ್ಟ್ರಾನಿಕ್ ಉದ್ಯಮದ ಐಪಿಸಿ ಮಾನದಂಡದಲ್ಲಿ ಅಕ್ರಿಲಿಕ್‌ಗೆ ಒಣಗಿದ ಮೇಲೆ 30ರಿಂದ 130 ಮೈಕ್ರಾನ್, ಸಿಲಿಕೋನ್‌ಗೆ 50ರಿಂದ 210 ಮೈಕ್ರಾನ್. ಹತ್ತು ಸೆಂ.ಮೀ. ಚೌಕದ ಬೋರ್ಡಿನ ಒಂದು ಮೈಗೆ 50 ಮೈಕ್ರಾನ್ ಎಂದರೆ ಒಣ ಪದಾರ್ಥ ಬರೀ ಅರ್ಧ ಮಿ.ಲೀ. ದ್ರವದಲ್ಲಿ ಕಾಲು ಭಾಗ ಘನ ಇದ್ದರೆ ಬ್ರಷ್‌ನಿಂದ 2 ಮಿ.ಲೀ. ಹಚ್ಚಿದರೆ ಆಯಿತು. ಇನ್ನೂ ದಪ್ಪ ಮಾಡಿದರೆ ಇನ್ನೂ ಭದ್ರ ಎಂಬುದು ತಪ್ಪು. ದಪ್ಪ ಪೊರೆಯಲ್ಲಿ ಥಿನ್ನರ್ ಸಿಕ್ಕಿಕೊಂಡು ಗುಳ್ಳೆ ಬರುತ್ತದೆ, ಬಿಸಿಲು-ತಂಪಿಗೆ ಬಿರುಕು ಬಿಡುತ್ತದೆ.

ಕೊನೆಗೆ ಡಬ್ಬಿಯ ವಿಷಯ. ವೈರುಗಳು ಕೆಳಗಿನಿಂದಲೇ ಒಳಗೆ ಬರಲಿ, ಬರುವ ಮುಂಚೆ ಒಂದು ಬಾಗು ಇರಲಿ; ವೈರಿನುದ್ದಕ್ಕೂ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಡಬ್ಬಿಯ ಕೆಳಭಾಗದಲ್ಲಿ 4–5 ಮಿ.ಮೀ.ನ ಒಂದು ತೂತು ಕೊರೆದು ಸಣ್ಣ ಜಾಲರಿ ಅಂಟಿಸಿ. ಪೂರ್ತಿ ಮುಚ್ಚಿದ ಡಬ್ಬಿ ಹಗಲು ಕಾದು, ರಾತ್ರಿ ತಣ್ಣಗಾಗುವಾಗ ಸಂದಿಗಳಿಂದ ತೇವದ ಗಾಳಿ ಎಳೆದುಕೊಳ್ಳುತ್ತದೆ, ಆ ನೀರಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಕೋಟಿಂಗ್ ಇದೆಯೆಂದು 230 ವೋಲ್ಟ್ ಟ್ರ್ಯಾಕನ್ನು ಸಣ್ಣ ವೋಲ್ಟೇಜಿನ ಟ್ರ್ಯಾಕ್ ಹತ್ತಿರ ತರಬೇಡಿ. ನಡುವೆ 6–8 ಮಿ.ಮೀ. ಬಿಡಿ, ಜಾಗ ಇಲ್ಲದಿದ್ದರೆ ಬೋರ್ಡಿನಲ್ಲೇ ಸೀಳು ಕೊರೆಯಿರಿ. ತ್ರೀ ಫೇಸ್‌ನ 415 ವೋಲ್ಟನ್ನು ಮನೆಯಲ್ಲಿ ಮಾಡಿದ ಬೋರ್ಡಿನ ಮೇಲೆ ಹಾಯಿಸುವುದೇ ಬೇಡ. ಅದು ಕಾಂಟ್ಯಾಕ್ಟರ್‌ನಲ್ಲೇ (ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಇರಲಿ, ಬೋರ್ಡಿನ ರಿಲೇ ಕಾಂಟ್ಯಾಕ್ಟರ್ ಕಾಯಿಲನ್ನಷ್ಟೇ ನಡೆಸಲಿ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ಬೋರ್ಡುಗಳನ್ನು ಮೊದಲೇ ಎಚ್ ಮಾಡಿ ಇಟ್ಟುಕೊಳ್ಳುತ್ತೇವೆ. ಬೆಸುಗೆ ಹಾಕುವ ಹೊತ್ತಿಗೆ ತಾಮ್ರ ಕಪ್ಪಾಗಿ ಸೋಲ್ಡರ್ ಹಿಡಿಯುವುದೇ ಇಲ್ಲ. ತವರದ ಲೇಪನ ಮಾಡಬಹುದೇ?
– ಡಿಪ್ಲೊಮಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಮಾಡಬಹುದು, ಆದರೆ ನಿಮ್ಮ ಅಗತ್ಯಕ್ಕೆ ರೋಸಿನ್ (ಪೈನ್ ಮರದ ರಾಳ) ಸಾಕು. 20 ಗ್ರಾಂ ರೋಸಿನ್ ಗಡ್ಡೆಯನ್ನು ಪುಡಿ ಮಾಡಿ 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಹಾಕಿ, ಮುಚ್ಚಿದ ಗಾಜಿನ ಬಾಟಲಿಯಲ್ಲಿ ಒಂದು ರಾತ್ರಿ ಬಿಡಿ. ತೆಳು ಬಟ್ಟೆಯಲ್ಲಿ ಸೋಸಿದರೆ ಜೇನಿನ ಬಣ್ಣದ ದ್ರವ ಸಿಗುತ್ತದೆ. ಸ್ಕ್ರಬ್ ಮಾಡಿ ಒಣಗಿಸಿದ ಐದು ನಿಮಿಷದೊಳಗೆ ಬ್ರಷ್‌ನಿಂದ ಒಂದೇ ತೆಳು ಕೈ ಎಳೆಯಿರಿ. ಇದು ಗಾಳಿಯನ್ನೂ ತಡೆಯುತ್ತದೆ, ಬೆಸುಗೆ ಹಾಕುವಾಗ ಫ್ಲಕ್ಸ್ ಆಗಿಯೂ ಕೆಲಸ ಮಾಡುತ್ತದೆ. ಮರುದಿನವೂ ಕೈಗೆ ಅಂಟುತ್ತಿದ್ದರೆ ದಪ್ಪ ಹಚ್ಚಿದ್ದೀರಿ. ದ್ರಾವಣಕ್ಕೆ ಇನ್ನಷ್ಟು ಆಲ್ಕೊಹಾಲ್ ಸೇರಿಸಿ. ಬೆಸುಗೆಯಾದ ಮೇಲೆ ಇದನ್ನು ತೊಳೆದು ತೆಗೆಯಲೇಬೇಕು, ಅದರ ಮೇಲೆಯೇ ಅಕ್ರಿಲಿಕ್ ಹೊಡೆಯಬಾರದು.

ತವರವನ್ನು ಸೋಲ್ಡರಿಂಗ್ ಐರನ್‌ನಿಂದಲೇ ಸವರಬಹುದು: ಟ್ರ್ಯಾಕ್‌ಗೆ ಫ್ಲಕ್ಸ್ ಹಚ್ಚಿ, ಸೋಲ್ಡರ್ ಹೀರಿದ ಡೀಸೋಲ್ಡರಿಂಗ್ ಜಾಲರಿಯನ್ನು ಐರನ್‌ನಡಿ ಇಟ್ಟು ಎಳೆಯುತ್ತಾ ಹೋಗಬೇಕು. ಒಂದೇ ಕಡೆ ನಿಂತರೆ ಟ್ರ್ಯಾಕ್ ಏಳುತ್ತದೆ. ಬೋರ್ಡನ್ನು ಅದ್ದಿ ತೆಗೆಯುವ ತವರದ ದ್ರಾವಣಗಳಲ್ಲಿ ಸಾಮಾನ್ಯವಾಗಿ ಥಯೋಯೂರಿಯಾ ಇರುತ್ತದೆ. ಅದು ಕ್ಯಾನ್ಸರ್ ತರಬಲ್ಲದೆಂಬ ಶಂಕೆ ಇರುವ ರಾಸಾಯನಿಕ. ಕಾಲೇಜಿನ ಲ್ಯಾಬ್‌ನಲ್ಲಿ ಕೈಗವಸು ಹಾಕಿ ಬಳಸಿ, ಮನೆಯ ಅಡುಗೆ ಕಟ್ಟೆಯ ಮೇಲೆ ಬೇಡ. ನಲ್ಲಿ ಕೆಲಸದವರು ಬಳಸುವ ಸೋಲ್ಡರ್ ಪೇಸ್ಟನ್ನು ಬೋರ್ಡಿನ ಹತ್ತಿರವೂ ತರಬೇಡಿ. ಅದರಲ್ಲಿ ಝಿಂಕ್ ಕ್ಲೋರೈಡ್ ಇರುತ್ತದೆ, ಮಳವಳ್ಳಿಯವರ ಕಥೆಯೇ ನಿಮ್ಮದೂ ಆಗುತ್ತದೆ.

ಪ್ರಶ್ನೆ: ಸಿರಿಂಜಿನಲ್ಲಿ ಬರುವ ಹಸಿರು ಯುವಿ ಸೋಲ್ಡರ್ ಮಾಸ್ಕ್ (ಟ್ರ್ಯಾಕ್ ಮುಚ್ಚುವ, ಯುವಿ ಬೆಳಕಿಗೆ ಗಟ್ಟಿಯಾಗುವ ಇಂಕ್) ತಂದು ಬಿಸಿಲಿನಲ್ಲಿ ಗಟ್ಟಿ ಮಾಡಿದೆ. ಮೇಲೆ ಸುಕ್ಕುಗಟ್ಟಿತು, ಕೆಳಗೆ ಇನ್ನೂ ಹಸಿಯಾಗಿತ್ತು. ಬೆಸುಗೆ ಹಾಕಬೇಕಾದ ಪ್ಯಾಡ್‌ಗಳೂ ಮುಚ್ಚಿಹೋದವು.
– ಹವ್ಯಾಸಿ, ನಂಜನಗೂಡು

ಉತ್ತರ: ದಪ್ಪವಾಯಿತು, ಅಷ್ಟೇ. ಹಸಿರು ಬಣ್ಣವೇ ಯುವಿ ಕಿರಣವನ್ನು ಹೀರುವುದರಿಂದ ಮೇಲಿನ ಪದರ ಮೊದಲು ಗಟ್ಟಿಯಾಗಿ ಕುಗ್ಗುತ್ತದೆ, ಕೆಳಗಿನದಕ್ಕೆ ಬೆಳಕು ತಲುಪುವುದೇ ಇಲ್ಲ. ಬೋರ್ಡಿನ ನಡುವೆ ಕಡಲೆ ಕಾಳಿನಷ್ಟು ಇಂಕ್ ಹಾಕಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ಹರಡಿ. ಇಂಕ್‌ನ ಮೂಲಕ ತಾಮ್ರ ಹೊಳೆದು ಕಾಣುವಷ್ಟು ತೆಳುವಾಗಬೇಕು. ಹಾಳೆ ಇರುವುದರಿಂದ ಗಾಳಿಯ ಆಮ್ಲಜನಕವೂ ತಾಗುವುದಿಲ್ಲ. ಅದು ತಾಗಿದರೆ ಮೇಲ್ಮೈ ಎಷ್ಟು ಹೊತ್ತಾದರೂ ಅಂಟಂಟಾಗಿಯೇ ಇರುತ್ತದೆ.

ಪ್ಯಾಡ್‌ಗಳನ್ನು ಕಪ್ಪಾಗಿ ಪ್ರಿಂಟ್ ಮಾಡಿದ ಇನ್ನೊಂದು ಹಾಳೆಯನ್ನು ಇದರ ಮೇಲೆ ಸರಿಯಾಗಿ ಕೂರಿಸಿ, ಗಾಜು ಇಟ್ಟು ಒತ್ತಿ. ಲೇಸರ್ ಪ್ರಿಂಟಿನ ಕಪ್ಪಿನಲ್ಲಿ ಸಣ್ಣ ತೂತುಗಳಿರುತ್ತವೆ, ಒಂದರ ಮೇಲೊಂದು ಎರಡು ಹಾಳೆ ಬೇಕು. ಎಷ್ಟು ಹೊತ್ತು ಎಂದು ಹೇಳುವುದು ಕಷ್ಟ; ಏಪ್ರಿಲ್‌ನ ಮಧ್ಯಾಹ್ನದ ಬಿಸಿಲಿಗೂ ಆಷಾಢದ ಮೋಡಕ್ಕೂ ಹೋಲಿಕೆಯಿಲ್ಲ. ಚೂರು ಬೋರ್ಡಿನ ಮೇಲೆ ಇಂಕ್ ಹರಡಿ, ರಟ್ಟು ಮುಚ್ಚಿ ಬಿಸಿಲಿಗಿಟ್ಟು, ಆ ರಟ್ಟನ್ನು ನಿಮಿಷಕ್ಕೊಮ್ಮೆ ಒಂದು ಸೆಂ.ಮೀ. ಸರಿಸುತ್ತಾ ಹೋಗಿ, ಆಲ್ಕೊಹಾಲ್‌ನಲ್ಲಿ ಒರೆಸಿ. ಯಾವ ಪಟ್ಟಿ ಮೊದಲು ಅಳಿಯದೆ ನಿಂತಿತೋ ಅದೇ ಅಂದಿನ ಸಮಯ. 395–405 ನ್ಯಾನೊಮೀಟರ್‌ನ ಎಲ್‌ಇಡಿ ದೀಪವಿದ್ದರೆ ಈ ತಾಪತ್ರಯ ಒಂದೇ ಸಲಕ್ಕೆ ಮುಗಿಯುತ್ತದೆ. ಹಾಳೆ ಬಿಡಿಸಿ, ಪ್ಯಾಡ್ ಮೇಲಿನ ಹಸಿ ಇಂಕನ್ನು ಆಲ್ಕೊಹಾಲ್ ಹತ್ತಿಯಿಂದ ಒರೆಸಿ, ಮತ್ತೆ ಹತ್ತು ನಿಮಿಷ ಬೆಳಕಿಗಿಡಿ. ಮಾಸ್ಕ್ ಹಾಕಿದ ಬೋರ್ಡಿಗೂ ಬೆಸುಗೆಯ ನಂತರ ಕೋಟಿಂಗ್ ಬೇಕು. ಪ್ಯಾಡ್ ಮತ್ತು ಕಾಲುಗಳು ಬರಿದಾಗಿಯೇ ಇರುತ್ತವಲ್ಲ.

ಪ್ರಶ್ನೆ: ನಮ್ಮದು ಮೋಟಾರ್ ವೈಂಡಿಂಗ್ ಅಂಗಡಿ. ವೈಂಡಿಂಗ್‌ಗೆ ಹಾಕುವ ವಾರ್ನಿಷನ್ನೇ ಸ್ಟಾರ್ಟರ್ ಬೋರ್ಡಿಗೂ ಬಳಿದರೆ ಆಗದೇ? ಹಿಂದೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಳಿಯುತ್ತಿದ್ದರಂತೆ.
– ಓದುಗರು, ಮದ್ದೂರು

ಉತ್ತರ: ಡಬ್ಬಿಯ ಮೇಲೆ ಓದಿ. ಗಾಳಿಗೆ ಒಣಗುವ ವಾರ್ನಿಷ್ ಆದರೆ ಬಳಿಯಬಹುದು. ಒಂದು ದಿನ ಪೂರ್ತಿ ಒಣಗಿಸಿ. ಓವನ್‌ನಲ್ಲಿ ಬೇಯಿಸುವ ಜಾತಿಯದ್ದಾದರೆ ಬೇಡ. ಅದು ಗಟ್ಟಿಯಾಗಲು 100 ಡಿಗ್ರಿ ಮೀರಿದ ಶಾಖ ಗಂಟೆಗಟ್ಟಲೆ ಬೇಕು, ಬೋರ್ಡಿನ ಕೆಪಾಸಿಟರ್ ಮತ್ತು ಪ್ಲಾಸ್ಟಿಕ್ ಅದನ್ನು ತಡೆಯುವುದಿಲ್ಲ. ಬೇಯಿಸದೆ ಬಿಟ್ಟರೆ ಅಂಟಾಗಿಯೇ ಉಳಿದು ಧೂಳು ಹಿಡಿಯುತ್ತದೆ. ಕೆಂಪು ವಾರ್ನಿಷ್‌ಗಿಂತ ಬಣ್ಣವಿಲ್ಲದ್ದು ಮೇಲು. ಕೆಂಪಿನಡಿ ರೆಸಿಸ್ಟರ್ ಪಟ್ಟಿಯೂ ಕಾಣದು, ಒಡೆದ ಬೆಸುಗೆಯೂ ಕಾಣದು.

ಅರಗು ಒಳ್ಳೆಯ ಇನ್ಸುಲೇಟರ್, ನಮ್ಮ ಊರಿಗೆ ಹೊಸತೂ ಅಲ್ಲ: ಮೈಸೂರಿನಲ್ಲಿ 1937ರಲ್ಲಿ ಶುರುವಾದ ಕಾರ್ಖಾನೆಯ ಆಗಿನ ಹೆಸರೇ ಲ್ಯಾಕ್ (ಅರಗು) ಅಂಡ್ ಪೇಂಟ್ ವರ್ಕ್ಸ್, ಈಗ ಚುನಾವಣೆಯ ಶಾಯಿಗೆ ಹೆಸರಾದದ್ದು ಅದೇ. ಆದರೆ ಅರಗು ನೀರು ತಾಗಿದರೆ ಬೆಳ್ಳಗಾಗುತ್ತದೆ, 75–80 ಡಿಗ್ರಿಗೆ ಮೆತ್ತಗಾಗುತ್ತದೆ. ಒಣ ಕೋಣೆಯಲ್ಲಿರುವ ರೇಡಿಯೋ ಕಾಯಿಲ್‌ಗೆ ಸರಿ, ಮೋಟಾರ್ ಮನೆಗೆ ಅಲ್ಲ.

ಪ್ರಶ್ನೆ: ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಟ್ಯೂಬ್, ನೇಲ್ ಪಾಲಿಶ್, ಗ್ಲೂ ಗನ್ – ಇವುಗಳಲ್ಲಿ ಯಾವುದು ಪರವಾಗಿಲ್ಲ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಹುಳಿ ವಿನಿಗರ್ ವಾಸನೆ ಬರುವ ಸಿಲಿಕೋನ್ ಖಂಡಿತ ಬೇಡ. ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರ ಹಸಿರಾಗುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದು ವೈರ್ ಬರುವ ತೂತು ಮುಚ್ಚಲು ಆಗುತ್ತದೆ. ಯಾವ ಸಿಲಿಕೋನ್ ಆದರೂ ತೆರೆದ ರಿಲೇಯ ಹತ್ತಿರ ಬೇಡ: ಅದರ ಆವಿ ಕಿಡಿಯಲ್ಲಿ ಸುಟ್ಟು ಕಾಂಟ್ಯಾಕ್ಟ್ ಮೇಲೆ ಗಾಜಿನಂಥ ಪದರ ಕಟ್ಟುತ್ತದೆ, ರಿಲೇ ಟಕ್ ಅಂದರೂ ಕರೆಂಟ್ ಹೋಗುವುದಿಲ್ಲ. ಎಂಕ್ಯು ಜಾತಿಯ ಗ್ಯಾಸ್ ಸೆನ್ಸರ್‌ಗಳೂ ಅದೇ ಆವಿಗೆ ಸಾಯುತ್ತವೆ. ನೇಲ್ ಪಾಲಿಶ್ ಕೆರೆದುಹೋದ ಒಂದು ಟ್ರ್ಯಾಕ್ ಮುಚ್ಚಲು ಸರಿ, ಇಡೀ ಬೋರ್ಡಿಗೆ ಅಲ್ಲ. ಗ್ಲೂ ಗನ್‌ನ ಅಂಟು ವೈರ್ ಅಲುಗದಂತೆ ಹಿಡಿಯಲು; ಬೋರ್ಡಿನಿಂದ ಸುಲಭವಾಗಿ ಬಿಟ್ಟುಕೊಂಡು, ಸಂದಿಯಲ್ಲಿ ನೀರು ನಿಲ್ಲಿಸುತ್ತದೆ.

ಪ್ರಶ್ನೆ: ಕೋಟಿಂಗ್ ಆದ ಮೇಲೆ ಬೋರ್ಡಿನ ಗಡಿಯಾರ ತಪ್ಪು ಸಮಯ ತೋರಿಸುತ್ತಿದೆ, ವೈಫೈ ಕೂಡ ದುರ್ಬಲ.
– ಓದುಗರು, ಮೈಸೂರು

ಉತ್ತರ: ಗಡಿಯಾರವನ್ನು ನಡೆಸುವ 32.768 ಕಿಲೋಹರ್ಟ್ಸ್ ಕ್ರಿಸ್ಟಲ್‌ನ ಕಾಲುಗಳ ನಡುವೆ ಕೋಟಿಂಗ್ ಕೂತರೆ ಒಂದಿಷ್ಟು ಕೆಪಾಸಿಟೆನ್ಸ್ ಸೇರುತ್ತದೆ, ಅಡಿಯಲ್ಲಿ ಫ್ಲಕ್ಸ್ ಉಳಿದಿದ್ದರೆ ಸೋರಿಕೆಯೂ ಸೇರಿ ಗಡಿಯಾರ ನಿಂತೇ ಹೋಗಬಹುದು. ಅಕ್ರಿಲಿಕ್ ಆಗಿದ್ದರೆ ಸಮಸ್ಯೆಯಿಲ್ಲ: ಅಸಿಟೋನ್ ಅದ್ದಿದ ಇಯರ್ ಬಡ್‌ನಿಂದ ಆ ಜಾಗ ಕರಗಿಸಿ, ಆಲ್ಕೊಹಾಲ್‌ನಲ್ಲಿ ತೊಳೆದು, ತೆಳ್ಳಗೆ ಮತ್ತೆ ಹಚ್ಚಿ. ಅಸಿಟೋನ್ ಪ್ಲಾಸ್ಟಿಕ್ ಕನೆಕ್ಟರ್‌ಗೆ ತಾಗದಿರಲಿ. ವೈಫೈ ಮಾಡ್ಯೂಲ್‌ನ ಅಂಕುಡೊಂಕಾದ ಆಂಟೆನಾ ಮೇಲಿನ ಪೊರೆಯನ್ನೂ ಹೀಗೆಯೇ ತೆಗೆಯಿರಿ. ಪಾಲಿಯುರೆಥೇನ್ ಹಚ್ಚಿದ್ದರೆ ಇಷ್ಟು ಸುಲಭವಿಲ್ಲ, ಕೆರೆಯಬೇಕು. ಅದರ ಮೇಲೆಯೇ ಐರನ್ ಇಟ್ಟು ಬೆಸುಗೆ ಹಾಕಿದರೆ ಬರುವ ಹೊಗೆಯಲ್ಲಿ ಐಸೊಸಯನೇಟ್ ಇರುತ್ತದೆ. ಕಿಟಕಿ ತೆರೆದು, ಫ್ಯಾನ್ ಹೊರಮುಖ ಮಾಡಿ. ರಿಪೇರಿ ಆಗಬಹುದಾದ ಯಾವ ಬೋರ್ಡಿಗೂ ಅಕ್ರಿಲಿಕ್ಕೇ ನಮ್ಮ ಮೊದಲ ಆಯ್ಕೆ.

ಪ್ರಶ್ನೆ: ಆಲೆಮನೆಯಲ್ಲಿ ಪಾಕದ ಶಾಖ ತೋರಿಸಲು ಕೆ ಟೈಪ್ ಥರ್ಮೊಕಪಲ್ (ಎರಡು ಬೇರೆ ಲೋಹದ ತಂತಿ ಜೋಡಿಸಿದ ಶಾಖದ ಸೆನ್ಸರ್) ಮೀಟರ್ ಮಾಡಿದ್ದೇವೆ. ಬೋರ್ಡಿಗೆ ಕೋಟಿಂಗ್ ಇದ್ದರೂ ಕೆಲವು ದಿನಗಳ ನಂತರ ಓದು ಏರುಪೇರಾಗುತ್ತದೆ.
– ಓದುಗರು, ಪಾಂಡವಪುರ

ಉತ್ತರ: ಕೊಪ್ಪರಿಗೆಯಿಂದ ಏಳುವ ಆವಿಯ ಜೊತೆ ಸಿಡಿಯುವ ಸಣ್ಣ ಹನಿಗಳಲ್ಲಿ ಸಕ್ಕರೆ ಇರುತ್ತದೆ. ಅದು ಕೂತ ಕಡೆ ಅಂಟಾಗಿ, ಗಾಳಿಯ ತೇವ ಎಳೆದುಕೊಂಡು, ಒಲೆಯ ಬೂದಿಯನ್ನೂ ಹಿಡಿದಿಡುತ್ತದೆ. ಬೋರ್ಡಿನ ಮೇಲೆ ಕೂತರೆ ಕೋಟಿಂಗ್ ತಡೆಯುತ್ತದೆ. ಆದರೆ ಥರ್ಮೊಕಪಲ್‌ನ ಸ್ಕ್ರೂ ಟರ್ಮಿನಲ್ ಬರಿದಾಗಿದೆ, ಬರಿದಾಗಿಯೇ ಇರಬೇಕು. ಅಲ್ಲಿ ಬೇರೆ ಬೇರೆ ಲೋಹಗಳ ನಡುವೆ ತೇವ ಸೇರಿದರೆ ಸಣ್ಣ ಬ್ಯಾಟರಿಯೇ ಆಗುತ್ತದೆ. ಕೆ ಟೈಪ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೋವೋಲ್ಟ್. ಅರ್ಧ ಮಿಲಿವೋಲ್ಟ್ ತಪ್ಪು ಸೇರಿದರೆ ಓದು 12 ಡಿಗ್ರಿ ಆಚೀಚೆ. ಬೆಲ್ಲದ ಪಾಕ ಇಳಿಸುವ ಹದ 115–118 ಡಿಗ್ರಿಯ ಆಸುಪಾಸಿನಲ್ಲಿರುವಾಗ ಅಂಥ ಮೀಟರ್ ಇದ್ದೂ ಇಲ್ಲದಂತೆ.

ಟರ್ಮಿನಲ್ಲನ್ನು ಆಲ್ಕೊಹಾಲ್‌ನಲ್ಲಿ ಒರೆಸಿ ಪ್ರಯೋಜನವಿಲ್ಲ, ಸಕ್ಕರೆ ಅದರಲ್ಲಿ ಸರಿಯಾಗಿ ಕರಗುವುದಿಲ್ಲ. ಕರೆಂಟ್ ತೆಗೆದು, ಉಗುರು ಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಬ್ರಷ್ ಅದ್ದಿ ತೊಳೆಯಿರಿ, ಆಮೇಲೆ ಆಲ್ಕೊಹಾಲ್ ಹಾಯಿಸಿ ನೀರನ್ನು ಓಡಿಸಿ, ಒಣಗಿಸಿ. ಮೀಟರನ್ನು ಕೊಪ್ಪರಿಗೆಯ ಮೇಲಿನಿಂದ ತೆಗೆದು ಗಾಳಿ ಬರುವ ಕಡೆಯ ಕಂಬಕ್ಕೆ ಹಾಕಿ, ನಡುವೆ ಕೆ ಟೈಪ್‌ನದೇ ಎಕ್ಸ್‌ಟೆನ್ಷನ್ ವೈರ್ ಎಳೆಯಿರಿ. ಸಾಮಾನ್ಯ ತಾಮ್ರದ ವೈರ್ ಎಳೆದರೆ ಜೋಡಣೆಯಾದ ಜಾಗದ ಶಾಖವೂ ಲೆಕ್ಕಕ್ಕೆ ಸೇರಿ ಓದು ಮತ್ತೆ ತಪ್ಪುತ್ತದೆ.